ವಿಂಡ್ಸರ್‌ನ ಗೊಂಬೆ ಮನೆಯಲ್ಲಿ ಒಂದು ಹನಿ ನೀರು

ಇಂಗ್ಲೆಂಡಿನ ವಿಂಡ್ಸರ್ ಕೋಟೆಯೊಳಗೆ ಒಂದು ಮನೆಯಿದೆ. ಅಲ್ಲಿ ವಿದ್ಯುತ್ ದೀಪಗಳಿವೆ, ಮಹಡಿಯಿಂದ ಮಹಡಿಗೆ ಹೋಗುವ ಲಿಫ್ಟ್ ಇದೆ, ಬಿಸಿನೀರಿಗೊಂದು ತಣ್ಣೀರಿಗೊಂದು ನಲ್ಲಿ ಇದೆ. ಶೌಚಾಲಯದ ಫ್ಲಶ್ ಎಳೆದರೆ ನೀರು ಬರುವಂತೆ ಕೊಳವೆಗಳನ್ನೂ ಜೋಡಿಸಿದ್ದಾರೆ. ಗ್ರಂಥಾಲಯದಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್ ಈ ಮನೆಗೆಂದೇ ಬರೆದುಕೊಟ್ಟ ಪುಸ್ತಕವೂ ಉಂಟು. ಆದರೆ ಈ ಮನೆಯ ಬಾಗಿಲಲ್ಲಿ ನೀವು ನುಸುಳಲಾರಿರಿ. ಏಕೆಂದರೆ ಇದು ಗೊಂಬೆ ಮನೆ!

ಇಂಗ್ಲೆಂಡಿನ ಆಗಿನ ರಾಣಿ ಮೇರಿಗೆ ಉಡುಗೊರೆಯಾಗಿ ಇದನ್ನು 1921ರಿಂದ 1924ರವರೆಗೆ ಕಟ್ಟಿದರು. ರಾಣಿಗೆ ಆಗಲೇ ಐವತ್ತು ದಾಟಿತ್ತು. ಗೊಂಬೆ ಮನೆ ಇಷ್ಟಪಡಲು ವಯಸ್ಸಿನ ಮಿತಿ ಇಲ್ಲ ಬಿಡಿ. ಇದರ ನಕ್ಷೆ ಬರೆದವರು ಎಡ್ವಿನ್ ಲುಟ್ಯೆನ್ಸ್. ಅದೇ ವರ್ಷಗಳಲ್ಲಿ ಅವರು ನಮ್ಮ ದೆಹಲಿಯಲ್ಲಿ 340 ಕೋಣೆಗಳ ವೈಸ್‌ರಾಯ್ ಅರಮನೆಯನ್ನೂ ಕಟ್ಟಿಸುತ್ತಿದ್ದರು. ಅದೇ ಇಂದಿನ ರಾಷ್ಟ್ರಪತಿ ಭವನ. ಅತ್ತ ಬೆಟ್ಟದಂಥ ಅರಮನೆ, ಇತ್ತ ಬೆರಳ ತುದಿಯಲ್ಲಿ ಹಿಡಿಯುವ ಕುರ್ಚಿ, ಎರಡೂ ಒಬ್ಬರದೇ ಕೆಲಸ.

ಮನೆಯ ಅಳತೆಗೆ ಒಂದೇ ನಿಯಮ: ನಿಜವಾದ ಮನೆಯಲ್ಲಿ ಒಂದು ಅಡಿ ಇರುವುದು ಇಲ್ಲಿ ಒಂದು ಅಂಗುಲ. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಮೇಜು, ಕಿಟಕಿ, ಚಮಚ, ಕಾರು, ಎಲ್ಲವನ್ನೂ ಕುಶಲಕರ್ಮಿಗಳು ಈ ಲೆಕ್ಕಕ್ಕೇ ಇಳಿಸಿದರು. ಇಳಿಸಲಾಗದ್ದು ಒಂದಿತ್ತು: ನೀರು.

ನಲ್ಲಿಯನ್ನು ಚಿಕ್ಕದು ಮಾಡಬಹುದು, ಹನಿಯನ್ನು ಮಾಡುವುದು ಹೇಗೆ? ನೀರಿನ ಕಣಗಳು ಒಂದನ್ನೊಂದು ಸೆಳೆಯುತ್ತಿರುತ್ತವೆ. ನೀರಿನ ನಡುವೆ ಇರುವ ಕಣಕ್ಕೆ ಸುತ್ತಲೂ ಜೊತೆಗಾರರು. ಎಲ್ಲ ಕಡೆಯಿಂದಲೂ ಸೆಳೆತ. ಮೇಲ್ಮೈಯಲ್ಲಿರುವ ಕಣಕ್ಕೆ ಹೊರಗಡೆ ಯಾರೂ ಇಲ್ಲ. ಅದು ಒಳಕ್ಕೇ ಸೆಳೆಯಲ್ಪಡುತ್ತದೆ. ಹೀಗಾಗಿ ನೀರಿನ ಮೇಲ್ಮೈ ಬಿಗಿದುಕೊಳ್ಳುತ್ತದೆ. ಇದೇ ಮೇಲ್ಮೈ ಎಳೆತ. ನಲ್ಲಿಯ ಬಾಯಲ್ಲಿ ತೂಗುವ ಹನಿಯನ್ನು ಈ ಬಿಗಿತವೇ ಹಿಡಿದಿಟ್ಟುಕೊಂಡಿರುತ್ತದೆ. ಹನಿ ದಪ್ಪವಾಗಿ, ಭಾರವಾಗಿ, ಹಿಡಿತ ಸಾಲದಾದಾಗ ಮಾತ್ರ ಕಳಚಿ ಬೀಳುತ್ತದೆ. ನಲ್ಲಿಯ ಬಾಯಿ ಬರೀ ಒಂದು ಮಿಲಿಮೀಟರ್ ಅಗಲವಿದ್ದರೂ ಅದರಿಂದ ಬೀಳುವ ಹನಿ ಸುಮಾರು ಮೂರೂವರೆ ಮಿಲಿಮೀಟರ್ ದಪ್ಪವಿರುತ್ತದೆ. ಗೊಂಬೆಯ ಕಣ್ಣಿಗೆ ಅದು ಹನ್ನೆರಡು ಪಟ್ಟು! ನಮ್ಮ ಮನೆಯ ನಲ್ಲಿಯಿಂದ ಒಂದೊಂದು ಹನಿಯೂ ನಿಂಬೆಹಣ್ಣಿನ ಗಾತ್ರದಲ್ಲಿ ಧೊಪ್ಪೆಂದು ಬಿದ್ದರೆ ಹೇಗಿರುತ್ತದೆ, ಹಾಗೆ. ಅಂಥ ನಲ್ಲಿಯ ಕೆಳಗೆ ಮುಖ ತೊಳೆಯುವುದು ಗೊಂಬೆಗೆ ಸುಲಭವಲ್ಲ.

ಇನ್ನೊಂದು ಸೋಜಿಗ ಇದೆ. ಗೊಂಬೆ ಮನೆಯ ಚೊಂಬು ನಮ್ಮ ಚೊಂಬಿನ ಹನ್ನೆರಡರಲ್ಲಿ ಒಂದು ಪಾಲು ಎತ್ತರ, ಹನ್ನೆರಡರಲ್ಲಿ ಒಂದು ಪಾಲು ಅಗಲ. ನಮ್ಮ ಚೊಂಬು ಒಂದು ಲೀಟರ್ ಹಿಡಿದರೆ ಗೊಂಬೆಯದು ಎಷ್ಟು ಹಿಡಿಯಬೇಕು? ಲೀಟರಿನ ಹನ್ನೆರಡನೇ ಒಂದು ಪಾಲು ಎಂದು ಬಾಯಿಗೆ ಬರುತ್ತದಲ್ಲವೇ? ತಡೆಯಿರಿ. ಉದ್ದ ಹನ್ನೆರಡು ಪಟ್ಟು ತಗ್ಗಿತು, ಅಗಲ ಹನ್ನೆರಡು ಪಟ್ಟು ತಗ್ಗಿತು, ಎತ್ತರವೂ ಹನ್ನೆರಡು ಪಟ್ಟು ತಗ್ಗಿತು. 12ನ್ನು 12ರಿಂದ ಗುಣಿಸಿ, ಮತ್ತೊಮ್ಮೆ 12ರಿಂದ ಗುಣಿಸಿ: 1728! ಒಂದು ಲೀಟರನ್ನು 1728 ಪಾಲು ಮಾಡಿದರೆ ಒಂದು ಪಾಲಿಗೆ ಬರುವುದು ಸುಮಾರು ಹನ್ನೆರಡು ಹನಿ ನೀರು. ಅಷ್ಟೇ ಗೊಂಬೆಯ ಚೊಂಬು.

ಮೇಲ್ಮೈಯ ಕಥೆ ಬೇರೆ. ಚೊಂಬಿನ ಹೊರಮೈಗೆ ಬಣ್ಣ ಬಳಿಯುತ್ತೀರಿ ಎನ್ನಿ. ಅದಕ್ಕೆ ಲೆಕ್ಕ ಬರುವುದು ಉದ್ದ ಮತ್ತು ಅಗಲ ಎರಡೇ. 12 ಗುಣಿಸು 12, ಅಂದರೆ 144 ಪಟ್ಟು ಕಡಿಮೆ ಬಣ್ಣ ಸಾಕು. ಹೀಗೆ ವಸ್ತುವನ್ನು ಕಿರಿದು ಮಾಡಿದಾಗ ಅದರ ಉದ್ದ ಒಂದು ರೀತಿ ತಗ್ಗಿದರೆ ಮೈ (ಹೊರಗಿನ ಹರವು) ಇನ್ನೊಂದು ರೀತಿ ತಗ್ಗುತ್ತದೆ, ಒಡಲು (ಒಳಗೆ ತುಂಬುವಷ್ಟು) ಮತ್ತೊಂದೇ ರೀತಿ. ಚಿಕ್ಕ ವಸ್ತುವಿಗೆ ಒಡಲು ಕಡಿಮೆ, ಅದಕ್ಕೆ ಹೋಲಿಸಿದರೆ ಮೈ ಹೆಚ್ಚು. ಗೊಂಬೆ ಮನೆಯ ಸ್ನಾನದ ತೊಟ್ಟಿಗೆ ಬಿಸಿನೀರು ತುಂಬಿದರೆ ಅದು ನೋಡುನೋಡುತ್ತಲೇ ತಣ್ಣಗಾಗುತ್ತದೆ. ಶಾಖ ಇರುವುದು ಒಡಲಲ್ಲಿ, ಸೋರಿಹೋಗುವುದು ಮೈಯಿಂದ. ಬಚ್ಚಲ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುವುದಕ್ಕೂ ಲೋಟದ ಕಾಫಿ ಅಷ್ಟರಲ್ಲೇ ಆರಿಹೋಗುವುದಕ್ಕೂ ಇದೊಂದು ಕಾರಣ.

ವಿಂಡ್ಸರ್ ಕೋಟೆಯ ಬುಡದಲ್ಲಿ ಥೇಮ್ಸ್ ನದಿ ಹರಿಯುತ್ತದೆ. ಸೇತುವೆ ದಾಟಿದರೆ ಈಟನ್ ಎಂಬ ಊರು, ಅಲ್ಲೊಂದು ಬಹು ಹಳೆಯ ಶಾಲೆ. ಆ ಶಾಲೆಯಲ್ಲಿ ಓದಿದ ಒಬ್ಬ ಹುಡುಗ ದೊಡ್ಡವನಾಗಿ ಜೀವವಿಜ್ಞಾನಿಯಾದ. ಅವರೇ ಜೆ.ಬಿ.ಎಸ್. ಹಾಲ್ಡೇನ್. ಜೀವಿಗಳಿಗೆ ಸರಿಯಾದ ಗಾತ್ರ ಯಾವುದು ಎಂಬ ಬಗ್ಗೆ 1926ರಲ್ಲಿ ಅವರು ಒಂದು ಪ್ರಬಂಧ ಬರೆದರು. ಇಂದಿಗೂ ಓದಲು ಮಜವಾಗಿದೆ. ಸ್ನಾನ ಮುಗಿಸಿ ಬರುವ ಮನುಷ್ಯನ ಮೈಮೇಲೆ ಸುಮಾರು ಅರ್ಧ ಕಿಲೋ ನೀರು ಅಂಟಿಕೊಂಡಿರುತ್ತದೆ, ನಮಗದು ಗೊತ್ತೇ ಆಗುವುದಿಲ್ಲ. ಒದ್ದೆಯಾದ ಇಲಿಗೆ ತನ್ನಷ್ಟೇ ತೂಕದ ನೀರಿನ ಹೊರೆ, ನೊಣಕ್ಕಂತೂ ತನ್ನ ತೂಕದ ಎಷ್ಟೋ ಪಟ್ಟು ಎಂದು ಅದರಲ್ಲಿ ಹೇಳಿದ್ದಾರೆ. ನೊಣ ನೀರಿಗೆ ಬಿದ್ದರೆ ಏಳಲಾಗದೆ ಒದ್ದಾಡುವುದು ಇದಕ್ಕೇ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ನಮ್ಮ ಗೊಂಬೆಗೂ ಈ ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಗುವ ಹೆಂಗಸೊಬ್ಬರನ್ನು ಹನ್ನೆರಡನೇ ಒಂದು ಪಾಲಿಗೆ ಇಳಿಸಿದರೆ ತೂಕ 1728 ಪಟ್ಟು ತಗ್ಗಿ ಬರೀ 35 ಗ್ರಾಂ ಆಗುತ್ತದೆ. ಮೈಗೆ ಅಂಟುವ ನೀರು ತಗ್ಗುವುದು 144 ಪಟ್ಟು ಮಾತ್ರ. ಅರ್ಧ ಕಿಲೋ ಇದ್ದದ್ದು ಮೂರೂವರೆ ಗ್ರಾಂ. ಅಂದರೆ ಮೈತೂಕದ ಹತ್ತನೇ ಒಂದು ಪಾಲು! ನಾವು ಪ್ರತಿ ಸಲ ಸ್ನಾನ ಮಾಡಿದಾಗಲೂ ಆರು ಕಿಲೋ ಅಕ್ಕಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಬಂದಷ್ಟು ಭಾರ ಅದು. ಗೊಂಬೆಗೆ ಜೀವವಿದ್ದಿದ್ದರೆ ಸ್ನಾನವೆಂದರೆ ಓಡಿಹೋಗುತ್ತಿತ್ತು.

ಈಗ ನದಿಯ ದಡಕ್ಕೆ ಬನ್ನಿ. ವಿಂಡ್ಸರ್‌ಗೆ ಬಂದ ಮಕ್ಕಳೆಲ್ಲ ಮುಗಿಬೀಳುವ ಜಾಗ ಇದು. ಬಿಳಿಯ ಹಂಸಗಳು ಇಲ್ಲಿ ಹಿಂಡುಹಿಂಡಾಗಿ ತೇಲುತ್ತಿರುತ್ತವೆ. ಪ್ರತಿ ವರ್ಷ ಜುಲೈನಲ್ಲಿ ರಾಜನ ಕಡೆಯವರು ಕೆಂಪಂಗಿ ತೊಟ್ಟು ದೋಣಿಗಳಲ್ಲಿ ಥೇಮ್ಸ್ ಉದ್ದಕ್ಕೂ ಐದು ದಿನ ಸಾಗಿ ಹಂಸದ ಮರಿಗಳನ್ನು ಹಿಡಿದು ಎಣಿಸುತ್ತಾರೆ, ತೂಗುತ್ತಾರೆ, ಮೀನಿನ ಗಾಳ ಸಿಕ್ಕಿ ಗಾಯವಾಗಿದೆಯೇ ಎಂದು ನೋಡಿ ಬಿಟ್ಟುಬಿಡುತ್ತಾರೆ. ಶತಮಾನಗಳ ಹಿಂದೆ ಇದು ಯಾವ ಹಂಸ ಯಾರಿಗೆ ಸೇರಿದ್ದು ಎಂಬ ಹಕ್ಕಿನ ವಿಚಾರವಾಗಿತ್ತು. ಆಗ ಹಂಸ ಔತಣದ ಅಡುಗೆಯೂ ಹೌದು. ಇಂದು ಇದು ಹಕ್ಕಿಗಳ ಆರೋಗ್ಯ ತಪಾಸಣೆ.

ಹಂಸ ಹಾರುವುದನ್ನು ಹತ್ತಿರದಿಂದ ನೋಡಬೇಕು. ಗುಬ್ಬಿ ಪುರ್ರೆಂದು ನಿಂತಲ್ಲಿಂದಲೇ ಏಳುತ್ತದೆ. ಹಂಸಕ್ಕೆ ಅದಾಗದು. ಮೊದಲು ಕತ್ತು ಮುಂದಕ್ಕೆ ಚಾಚುತ್ತದೆ. ರೆಕ್ಕೆ ಬಡಿಯುತ್ತ ಜಾಲಪಾದಗಳಿಂದ ನೀರಿನ ಮೇಲೆ ಪಟಪಟ ಹೆಜ್ಜೆ ಹಾಕುತ್ತ ಓಡತೊಡಗುತ್ತದೆ. ನೀರು ಎರಡೂ ಕಡೆ ಚಿಮ್ಮುತ್ತದೆ. ಹತ್ತಾರು ಮೀಟರ್ ಓಡಿದ ಮೇಲೆ, ಇನ್ನೇನು ಏಳಲಾರದು ಎಂದು ನಮಗೆ ಅನ್ನಿಸುವಾಗ, ಪಾದಗಳು ನೀರನ್ನು ಬಿಡುತ್ತವೆ. ಇಷ್ಟೊಂದು ಕಷ್ಟ ಏಕೆ? ಹಕ್ಕಿಯೊಂದನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ದೊಡ್ಡದು ಮಾಡಿದರೆ ರೆಕ್ಕೆಯ ಹರವು ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ನಾಲ್ಕು ಪಟ್ಟು ರೆಕ್ಕೆಗೆ ಎಂಟು ಪಟ್ಟು ಹೊರೆ. ಆ ಹೊರೆ ಹೊರಬೇಕಾದರೆ ರೆಕ್ಕೆಯ ಮೇಲೆ ಗಾಳಿ ಜೋರಾಗಿ ಹರಿಯಬೇಕು, ಗಾಳಿ ಜೋರಾಗಬೇಕಾದರೆ ಹಕ್ಕಿ ಓಡಬೇಕು. ಈ ಜಾತಿಯ ಹಂಸ ಹತ್ತು ಹನ್ನೆರಡು ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇದು ಅತಿ ಭಾರದವುಗಳ ಸಾಲಿನದು.

ಊರ ಹೊರಗೆ ಲೆಗೋಲ್ಯಾಂಡ್ ಇದೆ. ಹಿಂದೆ ಸಫಾರಿ ಪಾರ್ಕ್ ಇದ್ದ ಜಾಗದಲ್ಲಿ 1996ರಲ್ಲಿ ತೆರೆದದ್ದು. ಉಯ್ಯಾಲೆ, ರೈಲು, ನೀರಾಟ ಎಲ್ಲ ಇದ್ದೇ ಇದೆ. ಅವು ಯಾವ ಊರಿನಲ್ಲಾದರೂ ಸಿಗುತ್ತವೆ. ನನಗೆ ಹೇಳಬೇಕಿರುವುದು ಅಲ್ಲಿನ ಮಿನಿಲ್ಯಾಂಡ್ ಬಗ್ಗೆ. ಲಂಡನ್ನಿನ ಕಟ್ಟಡಗಳನ್ನೂ ಇತರ ಊರುಗಳ ಕಟ್ಟಡಗಳನ್ನೂ ಪ್ಲಾಸ್ಟಿಕ್ಕಿನ ಪುಟಾಣಿ ಇಟ್ಟಿಗೆಗಳಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿದ್ದಾರೆ. ನಿಜವಾದ ಕಟ್ಟಡಕ್ಕೆ ಕಬ್ಬಿಣ, ಕಲ್ಲು, ಕಾಂಕ್ರೀಟು ಬೇಕು. ಇದಕ್ಕೆ ಆಟಿಕೆಯ ಇಟ್ಟಿಗೆ ಸಾಕಾಗುವುದು ಹೇಗೆ? ಕಟ್ಟಡದ ತೂಕ ಒಡಲಿನ ಲೆಕ್ಕದಲ್ಲಿ ತಗ್ಗುತ್ತದೆ, ಇಪ್ಪತ್ತನ್ನು ಮೂರು ಸಲ ಗುಣಿಸಿ: 8000 ಪಟ್ಟು. ಆ ತೂಕವನ್ನು ಹೊರುವ ಗೋಡೆಯ ಶಕ್ತಿ ಇರುವುದು ಅದರ ಅಡ್ಡಕೊಯ್ತದ ಹರವಿನಲ್ಲಿ. ಅದು ತಗ್ಗುವುದು 400 ಪಟ್ಟು ಮಾತ್ರ. ಹೀಗಾಗಿ ಚಿಕ್ಕ ಕಟ್ಟಡ ತನ್ನ ತೂಕಕ್ಕೆ ಹೋಲಿಸಿದರೆ ಇಪ್ಪತ್ತು ಪಟ್ಟು ಗಟ್ಟಿ. ಅಲ್ಲದೆ ಆ ಇಟ್ಟಿಗೆಯೇನೂ ಬಡಪಾಯಿ ಅಲ್ಲ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯವರು ನಾಲ್ಕು ಗುಬಟಿನ ಒಂದು ಲೆಗೋ ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಅದುಮಿದಾಗ ಅದು 430 ಕಿಲೋಗ್ರಾಮಿನಷ್ಟು ಭಾರ ತಡೆದು ಆಮೇಲೆ ಮೆತ್ತಗಾಯಿತು. ಬರಿಗಾಲಲ್ಲಿ ಅದನ್ನು ತುಳಿದವರಿಗೆ ಇದೇನು ಹೊಸ ಸುದ್ದಿಯಲ್ಲ!

ಮಳೆ ಬಂದಾಗ ಮಾತ್ರ ಮಿನಿಲ್ಯಾಂಡಿನ ಬಣ್ಣ ಬಯಲಾಗುತ್ತದೆ. ಮೋಡಕ್ಕೆ ಅಳತೆಯ ನಿಯಮ ಹೇಳಿದವರು ಯಾರೂ ಇಲ್ಲ. ಎರಡು ಮಿಲಿಮೀಟರಿನ ಮಳೆಹನಿ ಅಲ್ಲಿನ ಪುಟ್ಟ ಜನರ ಪಾಲಿಗೆ ನಾಲ್ಕು ಸೆಂಟಿಮೀಟರ್ ದಪ್ಪ.

ದೊಡ್ಡದರ ಕಡೆಗೂ ಸ್ವಲ್ಪ ನೋಡೋಣ. ವಿಂಡ್ಸರ್ ಕೋಟೆಯನ್ನು ಕಟ್ಟಲು ಶುರುಮಾಡಿದ್ದು ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ, ಸುಮಾರು 1070ರಲ್ಲಿ. ರಾಜಮನೆತನದವರು ಇಂದಿಗೂ ಅಲ್ಲಿ ವಾಸಿಸುತ್ತಾರೆ. ನಡುವೆ ಎದ್ದು ಕಾಣುವುದು ದುಂಡು ಗೋಪುರ. ಹೆಸರಿಗಷ್ಟೇ ದುಂಡು, ಆಕಾರ ಸೊಟ್ಟ. ಅದು ನಿಂತಿರುವ ಗುಡ್ಡವೂ ತಾನಾಗಿ ಬೆಳೆದದ್ದಲ್ಲ, ಸುತ್ತ ಕಂದಕ ತೋಡಿ ಅದರ ಸುಣ್ಣಕಲ್ಲಿನ ಮಣ್ಣನ್ನೇ ಹದಿನೈದು ಮೀಟರಿನಷ್ಟು ಎತ್ತರಕ್ಕೆ ರಾಶಿ ಹಾಕಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ನಾಲ್ಕನೇ ಜಾರ್ಜ್ ದೊರೆಗೆ ಗೋಪುರ ಕುಳ್ಳಗೆ ಕಂಡಿತು. ಅದರ ಮೇಲೆ ಸುಮಾರು ಒಂಬತ್ತು ಮೀಟರ್ ಎತ್ತರದ ಕಲ್ಲಿನ ಕಿರೀಟ ಏರಿಸಿದರು. ರಾಶಿ ಹಾಕಿದ ಮಣ್ಣಿನ ಮೇಲೆ ಇಷ್ಟು ಭಾರ ಕೂತರೆ ಏನಾಗುತ್ತದೆ? 1980ರ ದಶಕದ ಕೊನೆಯಲ್ಲಿ ಗೋಪುರ ಜಗ್ಗುತ್ತಿರುವುದು ಗೊತ್ತಾಗಿ ಎಂಜಿನಿಯರುಗಳು ತಳಪಾಯವನ್ನು ಬಲಪಡಿಸಬೇಕಾಯಿತು.

1992ರ ನವೆಂಬರ್ 20ರಂದು ಕೋಟೆಗೆ ಬೆಂಕಿ ಬಿತ್ತು. ಉರಿಯುತ್ತಿದ್ದ ಒಂದು ದೀಪ ಪರದೆಗೆ ತಾಗಿದ್ದೇ ಕಾರಣ. ಪರದೆಯೆಂದರೆ ಬರೀ ಮೈ, ಒಡಲೇ ಇಲ್ಲ ಎನ್ನಬಹುದು. ಕಾದದ್ದೇ ತಡ, ಹೊತ್ತಿಕೊಂಡಿತು. ದಪ್ಪನೆಯ ತೊಲೆ ಹಾಗಲ್ಲ. ಅದರ ಹೊರಮೈ ಮೊದಲು ಇದ್ದಿಲಾಗುತ್ತದೆ, ಆ ಇದ್ದಿಲು ಒಳಗಿನ ಮರಕ್ಕೆ ಶಾಖ ಬೇಗ ಇಳಿಯದಂತೆ ತಡೆಯುತ್ತದೆ. ಒಲೆ ಹಚ್ಚುವಾಗ ಅಜ್ಜಿ ಮೊದಲು ಕೊರಡನ್ನಿಡದೆ ಸಿಪ್ಪೆ, ಪುರಲೆ ಇಡುವುದು ಸುಮ್ಮನೆ ಅಲ್ಲ. ಹದಿನೈದು ಗಂಟೆ ಉರಿದ ಬೆಂಕಿ ನೂರಕ್ಕೂ ಹೆಚ್ಚು ಕೋಣೆಗಳನ್ನು ಕೆಡಿಸಿತು. 1997ರ ಹೊತ್ತಿಗೆ ಎಲ್ಲವನ್ನೂ ಮತ್ತೆ ಕಟ್ಟಿದರು. ದೊಡ್ಡ ಸಭಾಂಗಣದ ಹೊಸ ಚಾವಣಿಗೆ ಬಳಸಿದ್ದು ಹಸಿ ಓಕ್ ಮರ.

ಕೋಟೆಯ ಒಂದು ಮೊಗಸಾಲೆಯಲ್ಲಿ ನಮ್ಮ ಶ್ರೀರಂಗಪಟ್ಟಣದಿಂದ ಹೋದ ವಸ್ತುವೊಂದಿದೆ. ಟಿಪ್ಪು ಸುಲ್ತಾನನ ಸಿಂಹಾಸನದಲ್ಲಿದ್ದ ಹುಲಿಯ ತಲೆ. 1799ರ ಯುದ್ಧದಲ್ಲಿ ಟಿಪ್ಪು ಮಡಿದ ಮೇಲೆ ಸಿಂಹಾಸನವನ್ನು ಬ್ರಿಟಿಷರು ಒಡೆದು ಹಂಚಿಕೊಂಡರು. ಸ್ಫಟಿಕದ ಕಣ್ಣು, ಸ್ಫಟಿಕದ ಹಲ್ಲು, ಬಾಯಿ ತೆರೆದು ಗುರ್ ಎನ್ನುತ್ತಿರುವ ಮುಖ. ಅಪ್ಪಟ ಚಿನ್ನದ ಗಟ್ಟಿ ಎಂದುಕೊಳ್ಳುತ್ತೀರಿ. ಒಳಗಿರುವುದು ಮರ, ಮೇಲೆ ಚಿನ್ನದ ತಗಡು. ಚಿನ್ನವನ್ನು ಬಡಿದಷ್ಟೂ ಅದು ತೆಳುವಾಗುತ್ತ ಹೋಗುತ್ತದೆ. ಒಡಲು ತುಂಬಲು ಮಣಗಟ್ಟಲೆ ಬೇಕು, ಮೈ ಮುಚ್ಚಲು ಸ್ವಲ್ಪವೇ ಸಾಕು. ಅಕ್ಕಸಾಲಿಗರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೋಟೆಯಿಂದ ದಕ್ಷಿಣಕ್ಕೆ ಲಾಂಗ್ ವಾಕ್ ಎಂಬ ನೇರ ಹಾದಿ. ಎರಡೂ ಕಡೆ ಮರಗಳ ಸಾಲು, ಉದ್ದ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಆ ತುದಿಯಲ್ಲಿ ಕುದುರೆ ಏರಿದ ಮೂರನೇ ಜಾರ್ಜ್ ದೊರೆಯ ಪ್ರತಿಮೆ. ಅಲ್ಲಿ ನಿಂತ ಒಬ್ಬ ಮನುಷ್ಯ ಕೋಟೆಯ ಕಡೆಯಿಂದ ಎಷ್ಟು ದೊಡ್ಡದಾಗಿ ಕಾಣುತ್ತಾನೆ? ಕೈ ಚಾಚಿ ಹಿಡಿದ ಅಳತೆಪಟ್ಟಿಯ ಮೇಲೆ ಕಾಲು ಮಿಲಿಮೀಟರ್. ನಮ್ಮ ಕಣ್ಣು ವಿವರಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಮಿತಿ ಇದಕ್ಕೆ ಹತ್ತಿರವೇ. ಕುದುರೆ ಮೇಲಿನ ಈ ದೊರೆಗೆ ಆಕಾಶ ನೋಡುವ ಹುಚ್ಚಿತ್ತು. 1781ರಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತಗಾರ ತಾನೇ ಮಾಡಿಕೊಂಡ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡುಹಿಡಿದಾಗ ದೊರೆ ಅವರಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿ ವಿಂಡ್ಸರ್ ಹತ್ತಿರವೇ ಬಂದಿರಲು ಹೇಳಿದರು. ಕೊನೆಗೆ ಹರ್ಷೆಲ್ ಮತ್ತು ತಂಗಿ ಕ್ಯಾರೊಲಿನ್ ನೆಲೆನಿಂತದ್ದು ಪಕ್ಕದ ಸ್ಲೌ ಊರಿನಲ್ಲಿ.

ಅಲ್ಲಿ ಅವರು ನಲವತ್ತು ಅಡಿ ಉದ್ದದ ದೂರದರ್ಶಕ ಕಟ್ಟಲು ಹೊರಟರು. ಕನ್ನಡಿಯ ಅಗಲ ಸುಮಾರು 120 ಸೆಂಟಿಮೀಟರ್. ಬೆಳಕು ಹಿಡಿಯುವ ಕೆಲಸ ಮೈಯದು. ಕತ್ತಲಲ್ಲಿ ನಿಮ್ಮ ಕಣ್ಣಿನ ಪಾಪೆ ಏಳು ಮಿಲಿಮೀಟರ್ ಅಗಲವಾಗಬಹುದು. ಅದರ ಮುಂದೆ ಈ ಕನ್ನಡಿಯ ಹರವು ಸುಮಾರು ಮೂವತ್ತು ಸಾವಿರ ಪಟ್ಟು. ಆದರೆ ಭಾರ ಒಡಲಿನದು. ತಾಮ್ರ ತವರ ಬೆರೆಸಿ ಎರಕ ಹೊಯ್ದ ಮೊದಲ ಕನ್ನಡಿ ಅರ್ಧ ಟನ್ನಿನಷ್ಟಿತ್ತು. ತನ್ನ ತೂಕಕ್ಕೆ ತಾನೇ ಬಾಗಿ ಬಿಂಬವನ್ನು ಕೆಡಿಸಿತು. ಇನ್ನಷ್ಟು ದಪ್ಪಗೆ ಇನ್ನೊಂದನ್ನು ಹೊಯ್ದರು. ಅದು ಹೆಚ್ಚುಕಡಿಮೆ ಒಂದು ಟನ್! 1789ರಲ್ಲಿ ದೂರದರ್ಶಕ ಸಿದ್ಧವಾಯಿತು, ಅದೇ ವರ್ಷ ಶನಿಯ ಎರಡು ಹೊಸ ಚಂದ್ರರೂ ಸಿಕ್ಕವು. ಆದರೂ ಆ ದೈತ್ಯನನ್ನು ತಿರುಗಿಸುವುದೇ ದೊಡ್ಡ ರಗಳೆ. ಹರ್ಷೆಲ್ ಹೆಚ್ಚಾಗಿ ಬಳಸಿದ್ದು ಅದರ ಅರ್ಧದಷ್ಟು ಉದ್ದದ ಹಳೆಯ ದೂರದರ್ಶಕವನ್ನೇ. ಕ್ಯಾರೊಲಿನ್ ಅಂತೂ ಅಣ್ಣ ಮಾಡಿಕೊಟ್ಟ ಪುಟ್ಟ ದೂರದರ್ಶಕಗಳಲ್ಲೇ ಆಕಾಶ ಜಾಲಾಡಿ ಹಲವು ಧೂಮಕೇತುಗಳನ್ನು ಕಂಡರು.

ಉದ್ದ, ಮೈ, ಒಡಲು ಆಯಿತು. ಹೊತ್ತು ಹೇಗೆ ತಗ್ಗುತ್ತದೆ? ಇದನ್ನು ನೀವೇ ಮಾಡಿ ನೋಡಿ. ಒಂದು ಮೀಟರ್ ಉದ್ದದ ದಾರದ ತುದಿಗೆ ಕಬ್ಬಿಣದ ನಟ್ಟು ಕಟ್ಟಿ ತೂಗುಬಿಡಿ. ಅದರ ಹನ್ನೆರಡನೇ ಒಂದು ಪಾಲು, ಅಂದರೆ ಎಂಟು ಸೆಂಟಿಮೀಟರಿಗೆ ತುಸು ಮೇಲೆ, ಇನ್ನೊಂದು ದಾರ ಕತ್ತರಿಸಿ ಅದಕ್ಕೂ ಒಂದು ಪುಟ್ಟ ನಟ್ಟು ಕಟ್ಟಿ. ಎರಡನ್ನೂ ಮೆಲ್ಲಗೆ ತೂಗಿಸಿ, ಒಬ್ಬರು ದೊಡ್ಡದನ್ನು ಎಣಿಸಿ, ಇನ್ನೊಬ್ಬರು ಚಿಕ್ಕದನ್ನು. ದೊಡ್ಡದು ಹತ್ತು ಸಲ ಹೋಗಿ ಬರುವಷ್ಟರಲ್ಲಿ ಚಿಕ್ಕದು 120 ಸಲ ತೂಗಬೇಕು ಅಲ್ಲವೇ? ಇಲ್ಲ, 34 ಅಥವಾ 35 ಸಲ ತೂಗುತ್ತದೆ. ಯಾಕೆಂದು ತಿಳಿಯಬೇಕಾದರೆ 12ರ ವರ್ಗಮೂಲ ಎಷ್ಟೆಂದು ನಿಮ್ಮ ಗಣಿತದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ.